ಮುನಿಗಂಗಮ್ಮ ಮತ್ತು ಮೇಡಂ

ಮುನಿಗಂಗಮ್ಮನನ್ನು ಯಾರಾದರೂ ‘ಪಾಪ’ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಾಪವಂತೆ, ಪಾಪ! ಅವಳ ಬಾಯಿಗೆ ಸಿಕ್ಕಿದವರು ಪಾಪ. ಇಡೀ ತ್ಯಾಮಗೊಂಡ್ಲು ಹೋಬಳಿಯಲ್ಲಿ ಅಂಥ ಜಗಳಗಂಟಿಯನ್ನು, ಅಂಥ ಜಂಬದ ಕೋಳಿಯನ್ನು, ಅಂಥ ಹೊಟ್ಟೆಕಿಚ್ಚಿನ ಹೆಂಗಸನ್ನು ನಾನು ಕಂಡಿಲ್ಲ. ಕಣ್ಣು ಕಾಣುತ್ತಿರಲಿಲ್ಲ, ಅಷ್ಟೆ. ಅದೊಂದು ಬಿಟ್ಟರೆ ಊರಿನ ಮಿಕ್ಕ ಹೆಂಗಸರಲ್ಲಿ ಇದ್ದದ್ದೆಲ್ಲ ಅವಳಲ್ಲೂ ಇತ್ತು, ಒಂದು ಪಾವು ಜಾಸ್ತಿಯೇ ಇತ್ತು.

ನಾನು ಸೊಸೆಯಾಗಿ ಅವಳಿದ್ದ ಊರಿಗೆ ಕಾಲಿಟ್ಟದ್ದು ಅರವತ್ತಾರನೇ ಇಸವಿಯಲ್ಲಿ. ನಮ್ಮ ಹಿತ್ತಿಲಿಗೂ ಅವಳ ಅಣ್ಣ ಗೋಪಾಲಪ್ಪನ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಮೋಟು ಮಣ್ಣುಗೋಡೆ. ಈಚೆ ನಾನು ಪಾತ್ರೆ ಬೆಳಗುತ್ತಿದ್ದೆ, ಆಚೆ ಅವಳು ಕೂತು ಊರವರನ್ನೆಲ್ಲ ಬೈಯುತ್ತಿದ್ದಳು. ಆಗ ಅವಳಿಗೆ ಮೂವತ್ತರ ಆಸುಪಾಸು. ಚಿಕ್ಕಂದಿನಲ್ಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅಪ್ಪ ಅಮ್ಮ ಸತ್ತ ಮೇಲೆ ಮನೆ, ಹೊಲ, ಎತ್ತುಗಳ ಜೊತೆಗೆ ಅವಳೂ ಅಣ್ಣನ ಪಾಲಿಗೆ ಬಂದಳು. ಗೋಪಾಲಪ್ಪ ಕೆಟ್ಟವನೇನಲ್ಲ, ಕೆಟ್ಟವನಾಗುವುದಕ್ಕೂ ಮೈ ಬಗ್ಗಬೇಕಲ್ಲ. ಅವನ ಹೆಂಡತಿ ಗಂಗಲಕ್ಷ್ಮಮ್ಮ ನಾದಿನಿಗೆ ಹೊತ್ತು ಹೊತ್ತಿಗೆ ಮುದ್ದೆ ಹಾಕುತ್ತಿದ್ದಳು. ಹಾಕಿದ್ದನ್ನು ಊರೆಲ್ಲ ಹೇಳಿಕೊಂಡೂ ಬರುತ್ತಿದ್ದಳು.

ಆದರೆ ಶಕುನದ ವಿಷಯಕ್ಕೆ ಬಂದರೆ ಆ ಊರಿನ ಜನ ಬಲು ಖಡಾಖಂಡಿ. ಬಿತ್ತನೆ ರಾಗಿ ಮನೆಯಿಂದ ಹೊರಡುವಾಗ, ಹೆಣ್ಣು ನೋಡಲು ಹೊರಡುವಾಗ, ಹಸು ಕರು ಹಾಕಿದಾಗ ಮುನಿಗಂಗಮ್ಮ ಎದುರಿಗೆ ಬರಕೂಡದು. ‘ಒಂಚೂರು ಒಳಗಿರವ್ವ’ ಅನ್ನುವರು. ಹೀಗೆ ಒಳಗಿದ್ದೂ ಇದ್ದೂ ಅವಳ ಅರ್ಧ ಆಯಸ್ಸು ನಡುಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ವಾಡೆಯ ಹಿಂದೆಯೇ ಕಳೆದುಹೋಯಿತು. ಅವಳೇನು ಸುಮ್ಮನಿರುವವಳೇ? ಗಂಗಲಕ್ಷ್ಮಮ್ಮನ ತಮ್ಮ ಹೊಸ ಪಂಚೆ ಉಟ್ಟು ಹೆಣ್ಣು ನೋಡಲು ಹೊರಟಾಗ ವಾಡೆಯ ಹಿಂದಿನಿಂದ ಬೇಕೆಂದೇ ಒಂದು ಒಂಟಿ ಸೀನು ಸೀನಿದಳು. ಹೊರಟವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅಷ್ಟರಲ್ಲಿ ಆ ಹೆಣ್ಣಿಗೆ ಬೇರೆ ಗಂಡು ಗೊತ್ತಾಯಿತು.

ಅವಳಿಗೆ ಬೇಕಾಗಿದ್ದದ್ದು ಒಂದೇ: ಒಂದು ಹಸು. ತನ್ನದು ಅನ್ನುವಂಥದ್ದು. ಹಸುವಿದ್ದರೆ ಹಾಲು, ಹಾಲಿದ್ದರೆ ತನ್ನದೇ ಒಂದು ಒಲೆ, ಒಲೆಯಿದ್ದರೆ ಅತ್ತಿಗೆ ಬಡಿಸಿದ ಮುದ್ದೆಯ ಲೆಕ್ಕವನ್ನು ಬೀದಿಯವರ ಬಾಯಲ್ಲಿ ಕೇಳಬೇಕಾಗಿಲ್ಲ. ಆದರೆ ಅವಳನ್ನು ಕೊಟ್ಟಿಗೆಯ ಬಾಗಿಲಿಗೂ ಬಿಡುತ್ತಿರಲಿಲ್ಲ. ಮುಟ್ಟಿದರೆ ಹಸು ಗೊಡ್ಡಾಗುತ್ತದಂತೆ.

ಹೀಗಿರುವಾಗ ಒಂದು ದಿನ ಊರಿಗೆ ಜೀಪು ಬಂತು. ಆ ಕಾಲದಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಊರಲ್ಲಿ ನಿಲ್ಲುತ್ತಿರಲಿಲ್ಲ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಹಿಡಿದುಕೊಂಡು ಹೋಗುತ್ತಾರೆ ಎಂದು ಪುಕಾರು. ನಮ್ಮ ಯಜಮಾನರು ಹುಣಿಸೇಮರ ಹತ್ತಿದರು. ಗೋಪಾಲಪ್ಪ, ನೀರು ತರಲಿಕ್ಕೂ ಏಳದವನು, ಕೆರೆಯ ಏರಿ ದಾಟಿ ಓಡಿದ. ಎಪ್ಪತ್ತು ದಾಟಿದ ನಮ್ಮ ಮಾವನವರೂ ಓಡಿದರು, ಯಾವ ಧೈರ್ಯದ ಮೇಲೋ ಕಾಣೆ. ಜೀಪಿನಿಂದ ಇಳಿದಾತ ನರಸಿಂಹಯ್ಯ ಎಂಬ ಮೇಷ್ಟ್ರು. ಅರಿಶಿನಕುಂಟೆಯ ಹತ್ತಿರ, ಹೆದ್ದಾರಿಯ ಪಕ್ಕದಲ್ಲಿ ಕಣ್ಣಿಲ್ಲದವರಿಗೆ ಬೇಸಾಯ, ಕಸುಬು ಕಲಿಸುವ ಶಾಲೆಯೊಂದನ್ನು ತೆರೆದಿದ್ದರಂತೆ. ಹಳ್ಳಿ ಹಳ್ಳಿ ತಿರುಗಿ ಕುರುಡರನ್ನು ಹುಡುಕುವುದು ಆತನ ಕೆಲಸ. ನಮ್ಮ ಬೀದಿಯಲ್ಲಿ ಆತನಿಗೆ ಸಿಕ್ಕಿದ ಮೊದಲನೇ ಪ್ರಾಣಿಯೇ ಜಗಲಿಯ ಮೇಲೆ ಕೂತಿದ್ದ ಮುನಿಗಂಗಮ್ಮ. ಊರಲ್ಲಿ ಗಂಡಸರು ಯಾರೂ ಇಲ್ಲವೇನಮ್ಮ ಎಂದು ಕೇಳಿದರು.

“ಅವ್ರೆ ಸ್ವಾಮಿ,” ಅಂದಳು ಇವಳು. “ಗಂಡಸ್ತನ ಉಳಿಸ್ಕೊಳ್ಳಾಕೆ ಹೋಗವ್ರೆ. ಜೀಪು ಹೋದ್ಮೇಲೆ ಬರ್ತಾರೆ.”

ಗಂಡಸರು ಮರದಿಂದ ಇಳಿಯುವಷ್ಟರಲ್ಲಿ ಅವಳು ಸೀರೆ ಗಂಟು ಕಟ್ಟಿಕೊಂಡು ಜೀಪು ಹತ್ತಿ ಕೂತಿದ್ದಳು. ಗೋಪಾಲಪ್ಪ ಏದುಸಿರು ಬಿಡುತ್ತಾ ಬಂದು ತಂಗಿಯನ್ನು ನೋಡಿದ, ಜೀಪನ್ನು ನೋಡಿದ, ಕರೆದುಕೊಂಡು ಹೋಗುತ್ತಿರುವುದು ತನ್ನನ್ನಲ್ಲ ಎಂದು ಗೊತ್ತಾದ ಮೇಲೆ ಧಾರಾಳವಾಗಿ ಒಪ್ಪಿಗೆ ಕೊಟ್ಟ.

ಆ ಶಾಲೆಯ ಕಥೆಯನ್ನು ಅವಳು ಹಬ್ಬಕ್ಕೆ ಬಂದಾಗಲೆಲ್ಲ ಗೋಡೆಯ ಆಚೆಯಿಂದ ಹೇಳುತ್ತಿದ್ದಳು. ಅರ್ಧ ಸುಳ್ಳೆಂದು ಕಳೆದರೂ ಮಿಕ್ಕರ್ಧ ಕೇಳುವ ಹಾಗಿತ್ತು. ಅಲ್ಲಿ ಗಂಡಸರಿಗೆ ಹೊಲದ ಕೆಲಸ, ದನದ ಕೆಲಸ, ಕೋಳಿ ಸಾಕುವುದು. ಹೆಂಗಸರಿಗೆ ಮಾತ್ರ ಬೆತ್ತದ ಕುರ್ಚಿ ಹೆಣೆಯುವುದು. ಅವಳು ಒಂದು ವಾರ ಹೆಣೆದು, ಎರಡನೇ ವಾರ ಬೆತ್ತವನ್ನು ಮೇಷ್ಟ್ರ ಮುಂದೆ ಎಸೆದಳಂತೆ. “ನಮ್ಮೂರಾಗೆ ಇರೋದೇ ಒಂದು ಕುರ್ಚಿ, ಅದು ಪಟೇಲರ ಮನೇಲೈತೆ. ಅದು ಮುರಿಯೋಗಂಟ ನಾನು ಕಾಯ್ಕೊಂಡು ಕೂತಿರ್ಲಾ?” ಎಂದು ಕೇಳಿದಳಂತೆ. ಹೆಂಗಸರಿಗೆ ಹಸು ಕೊಟ್ಟರೆ ಏನಾದರೂ ಹೆಚ್ಚುಕಮ್ಮಿಯಾದೀತೆಂದು ಮೇಲಿನವರು ಹೆದರಿದರು. ಇವಳು ಉಣ್ಣುವುದನ್ನು ಬಿಟ್ಟಳು. ಉಣ್ಣುವುದು ಬಿಟ್ಟಿದ್ದಕ್ಕೆ ಯಾರೂ ಹೆದರಲಿಲ್ಲ. ಹಸಿದಾಗ ಅವಳ ಬಾಯಿ ಇನ್ನಷ್ಟು ಜೋರಾಗುತ್ತದೆ ಎಂದು ತಿಳಿದ ಮೇಲೆ ಹೆದರಿದರು. ಕೊನೆಗೆ ಕೊಟ್ಟಿಗೆಗೆ ಕಳಿಸಿದರು.

ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಹುಲ್ಲಿನ ಮಡಿಗೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿದ್ದರಂತೆ. ಅದನ್ನು ಸವರಿಕೊಂಡು ಓಡಾಡಬೇಕು. ಕುಡುಗೋಲು ಹಿಡಿದು ಹುಲ್ಲು ಕೊಯ್ಯುವುದು, ಮೊದಲ ಹಾಲನ್ನು ಅಂಗೈಗೆ ಕರೆದು ಬೆರಳಾಡಿಸಿ ಗಂಟು ಗಂಟಾಗಿದೆಯೋ ನೋಡುವುದು, ಕೆಚ್ಚಲು ಬಿಸಿಯಾಗಿದ್ದರೆ ಬಾವೆಂದು ತಿಳಿಯುವುದು, ಇದೆಲ್ಲ ಅವಳ ಪಾಠ. ನರಸಿಂಹಯ್ಯನವರು ಒಳ್ಳೆಯ ಮನುಷ್ಯ. ಕಲಿಯುವವರ ಕಷ್ಟ ತನಗೂ ಗೊತ್ತಾಗಲಿ ಎಂದು ಒಂದು ದಿನ ತಮ್ಮ ಕಣ್ಣಿಗೂ ಬಟ್ಟೆ ಕಟ್ಟಿಕೊಂಡು ಹಾಲು ಕರೆಯಲು ಕೂತರಂತೆ. ಕೂತದ್ದು ಹಸುವಿನ ಹತ್ತಿರವಲ್ಲ, ಹೋರಿಯ ಹತ್ತಿರ ಎಂದು ಅವಳು ಆಣೆ ಮಾಡಿ ಹೇಳುತ್ತಿದ್ದಳು. ಇದು ಅವಳು ಹೇಳಿದ ಸುಳ್ಳುಗಳಲ್ಲಿ ಒಂದು ಎಂದೇ ನನ್ನ ಅಂದಾಜು. ಅವಳೂ ಏನು ಕಮ್ಮಿ ಒದೆ ತಿನ್ನಲಿಲ್ಲ. ಮುಂದಿನ ಎರಡು ಹಲ್ಲು ಹೋದದ್ದು ಅಲ್ಲಿಯೇ.

ಎಪ್ಪತ್ತೊಂದರ ಮಳೆಗಾಲಕ್ಕೆ ಅವಳು ಹಸುವಿನ ಸಮೇತ ಊರಿಗೆ ಬಂದಳು. ಶಾಲೆಯವರೇ ಕೊಟ್ಟ ಸೀಮೆ ಹಸು. ನಮ್ಮ ನಾಟಿ ಹಸುಗಳ ಎರಡರಷ್ಟು ಗಾತ್ರ. ಒಣಹುಲ್ಲು ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು, ನೊಣ ಕೂತರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಆಫೀಸಿನಿಂದ ಬಂದದ್ದಲ್ಲವೇ, ಅದಕ್ಕೆ ಮುನಿಗಂಗಮ್ಮ ಮೇಡಂ ಎಂದು ಹೆಸರಿಟ್ಟಳು. ಹಿತ್ತಿಲಲ್ಲಿ ಒಂದು ಸೋಗೆ ಚಪ್ಪರ ಎದ್ದಿತು. ಅಲ್ಲಿಂದ ಬಾವಿಗೆ ಹಗ್ಗ ಬಂತು.

ಶಾಲೆಯವರ ಷರತ್ತೊಂದಿತ್ತು. ದೀಪಾವಳಿ ಕಳೆದ ಮೇಲೆ ಮೇಷ್ಟ್ರು ಬಂದು ನೋಡುತ್ತಾರೆ. ಹಸು ಚೆನ್ನಾಗಿದ್ದು, ಮನೆಯವರದೂ ನೆರೆಯವರದೂ ತಕರಾರಿಲ್ಲದಿದ್ದರೆ ಹಸು ಅವಳದೇ. ತಕರಾರಿದ್ದರೆ ಹಸು ಇನ್ನೊಬ್ಬರಿಗೆ, ಇವಳು ವಾಪಸ್ಸು ಶಾಲೆಗೆ, ಕುರ್ಚಿ ಹೆಣೆಯಲಿಕ್ಕೆ. ನಮ್ಮ ಊರಿನವರನ್ನು ತಕರಾರಿಲ್ಲದೆ ಇರಿಸುವುದು ಅಂದರೆ ಕಪ್ಪೆಯನ್ನು ತಕ್ಕಡಿಯಲ್ಲಿ ಹಾಕಿದ ಹಾಗೆ. ಅವಳು ಕರೆದ ಹಾಲನ್ನು ಊರಲ್ಲಿ ಒಬ್ಬರೂ ಕೊಳ್ಳಲಿಲ್ಲ. ನೊಣ ಬಿದ್ದಿರುತ್ತದೆ ಅಂದರು, ಕೂದಲು ಬಿದ್ದಿರುತ್ತದೆ ಅಂದರು. ತ್ಯಾಮಗೊಂಡ್ಲಿನ ಹೋಟೆಲಿನ ಕೊಂಡಪ್ಪನಿಗೆ ಅಂಥ ಮಡಿಮೈಲಿಗೆ ಇರಲಿಲ್ಲ, ಅವನೇ ತರಿಸಿಕೊಂಡ. ಹಾಲಿಗೆ ಏನು ಬೀಳಬೇಕೋ ಅದನ್ನು ಹೇಗಿದ್ದರೂ ಅವನೇ ಹಾಕಿಕೊಳ್ಳುತ್ತಿದ್ದ.

ಅಷ್ಟರಲ್ಲಿ ನಮ್ಮ ಹಸು ಕರು ಹಾಕಿತು. ನಮ್ಮ ಅತ್ತೆ ಆದಿಲಕ್ಷ್ಮಮ್ಮನವರಿಗೆ ದೇವರಿಗಿಂತ ಜಾಸ್ತಿ ಭಯವಿದ್ದದ್ದು ದೃಷ್ಟಿಗೆ. ಕರು ಹಾಕಿದ ಹಸುವಿನ ಕೆಚ್ಚಲನ್ನು ಹೊಟ್ಟೆಕಿಚ್ಚಿನವರು ನೋಡಿಬಿಟ್ಟರೆ ಹಾಲು ಅಲ್ಲೇ ಇಂಗಿಹೋಗುತ್ತದೆ ಎಂಬುದು ಊರಿಗೆ ಊರೇ ನಂಬಿದ್ದ ಮಾತು. ಅದಕ್ಕೆ ಕೊಟ್ಟಿಗೆಯ ಬಾಗಿಲಿಗೆ ಕರಿಕಂಬಳಿಯನ್ನು ಅಡ್ಡ ಕಟ್ಟುತ್ತಿದ್ದರು. ಗಿಣ್ಣಿನ ಹಾಲನ್ನು ಸೆರಗಿನಡಿ ಮುಚ್ಚಿ ಒಳಗೆ ತರುತ್ತಿದ್ದರು. ಅವತ್ತೂ ಕಂಬಳಿ ಕಟ್ಟಿದರು. ಆದರೆ ಹಸು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಅತ್ತೆಯವರಿಗೆ ಒಂದು ಒದೆ, ನಮ್ಮ ಯಜಮಾನರಿಗೆ ಎರಡು. ಕೆಚ್ಚಲು ಊದಿಕೊಂಡಿತು, ಕರು ಹಸಿವಿನಿಂದ ಅರಚಿತು. ಕರೆಯುವವರನ್ನು ಬೇರೆ ಮನೆಯಿಂದ ಕರೆಸೋಣವೆಂದರೆ ಅವರ ಕಣ್ಣು ತಾಕೀತೆಂಬ ಭಯ. ಗೋಡೆಯ ಆಚೆಯಿಂದ ಮುನಿಗಂಗಮ್ಮ ನಾನು ಬರಲಾ ದೊಡ್ಡಮ್ಮ ಎಂದು ಕೂಗಿದಳು. ಅತ್ತೆ ಬಾಯಿ ಬಿಟ್ಟರು, ಮುಚ್ಚಿದರು. ಆಮೇಲೆ ಅವರ ಮುಖ ಅರಳಿದ್ದನ್ನು ನಾನೇ ನೋಡಿದೆ.

“ಇವ್ಳಿಗೆ ಕಣ್ಣೇ ಇಲ್ವಲ್ಲೇ,” ಅಂದರು ನನಗೆ. “ಇನ್ನು ತಾಕೋದೆಲ್ಲಿಂದ?”

ಅವಳನ್ನು ಹಿತ್ತಿಲಿನಿಂದ ಕರೆತಂದರು. ಮುಂಬಾಗಿಲಿನಿಂದ ಬಂದರೆ ಅಪಶಕುನ, ಹಿಂಬಾಗಿಲಿನಿಂದ ಬಂದರೆ ಅನುಕೂಲ! ಅವಳಿಗೋಸ್ಕರ ಕಂಬಳಿಯನ್ನೂ ಬಿಚ್ಚಿ ಮೂಲೆಗೆ ಎಸೆದರು, ಕಾಲಿಗೆ ತೊಡರೀತೆಂದು. ಅವಳು ಹಸುವಿನ ಬೆನ್ನು ಸವರಿ, ಕಿವಿಯ ಹತ್ತಿರ ಏನೋ ಬೈದು, ಬಿಸಿನೀರು ತರಿಸಿ ಕೆಚ್ಚಲಿಗೆ ಶಾಖ ಕೊಟ್ಟು, ತಂಬಿಗೆ ತುಂಬ ಗಿಣ್ಣು ಕರೆದಳು. ಅವಳಿಗೂ ಒಂದು ಒದೆ ಬಿತ್ತು. ತಿರುಗಿ ಅವಳೂ ಒಂದು ಗುದ್ದಿದಳು.

ಅಂದಿನಿಂದ ಊರಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ಮುನಿಗಂಗಮ್ಮನಿಗೆ ಕರೆ ಬರತೊಡಗಿತು. ಕಣ್ಣು ತಾಕದ ಕೈ ಎಂದು ಹೆಸರಾಯಿತು. ಎಲ್ಲರೂ ಗಿಣ್ಣು ಕೊಟ್ಟರು, ಎಲ್ಲರೂ ಹಿಂಬಾಗಿಲಿನಿಂದಲೇ ಕರೆದರು. ಇನ್ನು ದೀಪಾವಳಿಯ ಚಿಂತೆಯಿಲ್ಲ, ಯಾರೂ ತಕರಾರು ಮಾಡಲಾರರು ಎಂದು ನಾನು ಹಿಗ್ಗಿದೆ. ಅವಳು ಹಿಗ್ಗಲಿಲ್ಲ.

“ಹೊಲ್ದಾಗೆ ಬೆರ್ಚಪ್ಪನ್ನ ನಿಲ್ಲಿಸ್ತಾರಲ್ಲ, ಹಂಗೆ ನನ್ನ ಕರೀತಾವ್ರೆ ಕಣೇ,” ಅಂದಳು. “ಬೆರ್ಚಪ್ಪಂಗೆ ಆಸೆ ಇರಲ್ಲ ನೋಡು. ನಂಗೈತೆ. ನಿಮ್ಮತ್ತೆ ಹಸೀನ ಕೆಚ್ಚಲು ಹಿಡ್ದಾಗ ನನ್ನ ಹೊಟ್ಟೆ ಹೆಂಗೆ ಉರೀತು ಅಂತೀಯಾ! ನನ್ನ ಮೇಡಂಗಿಂತ ಮೆತ್ತಗಿತ್ತು.”

ನಾನು ನಕ್ಕೆ. ಅವಳು ನಗಲಿಲ್ಲ.

ದೀಪಾವಳಿಯ ಹೊತ್ತಿಗೆ ಮೇಡಂ ತಾಲ್ಲೂಕಿಗೇ ಹಾಲು ಹಂಚುವ ಹಾಗೆ ಕರೆಯುತ್ತಿತ್ತು. ಅದೇ ಸಮಯಕ್ಕೆ ನಮ್ಮ ಹಸುವಿನ ಕೆಚ್ಚಲು ಕಲ್ಲಿನಂತಾಗಿ, ಹಾಲಿನಲ್ಲಿ ರಕ್ತ ಕಾಣಿಸಿತು. ಅತ್ತೆಯವರು ಕೊಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರ ಕಣ್ಣಿರಬಹುದು ಎಂದು ಊರಿನ ಒಬ್ಬೊಬ್ಬರನ್ನೇ ನೆನೆಯತೊಡಗಿದರು. ಯಾರೂ ನೋಡಿರಲಿಲ್ಲ. ಹೊರಗಿನವರಲ್ಲಿ ಹಸುವಿನ ಹತ್ತಿರ ಬಂದಿದ್ದವಳು ಒಬ್ಬಳೇ. ಒಂದು ಕಡೆ ಈ ಹಸು ಬತ್ತಿದೆ, ಇನ್ನೊಂದು ಕಡೆ ಅವಳ ಹಸು ಉಕ್ಕುತ್ತಿದೆ. ಅತ್ತೆ ತಟ್ಟನೆ ಎದ್ದು ನಿಂತರು.

ಆ ಸುದ್ದಿ ಸಂಜೆಯೊಳಗೆ ಊರಿನ ಕೊನೇ ಮನೆ ಮುಟ್ಟಿತು. ಕುರುಡಿಯ ಕಣ್ಣು ತಾಕಿತಂತೆ! ಇಷ್ಟು ದಿನ ಅವಳ ಕೈಯಲ್ಲಿ ಹಾಲು ಕರೆಸಿದವರೆಲ್ಲ ತಮ್ಮ ತಮ್ಮ ಹಸುಗಳ ಕೆಚ್ಚಲನ್ನು ಮುಟ್ಟಿ ಮುಟ್ಟಿ ನೋಡಿದರು. ಕಣ್ಣಿಲ್ಲದೆ ಹೇಗೆ ತಾಕುತ್ತದೆ ಎಂದು ಯಾರೋ ಒಬ್ಬರು ಕೇಳಿದರಂತೆ. ಒಳಗಡೆ ತಿರುಗಿರುವ ಕಣ್ಣು ಇನ್ನೂ ಕೆಟ್ಟದ್ದು ಎಂದು ನಮ್ಮ ಅತ್ತೆ ವಿವರಿಸಿದರು. ನಾಡಿದ್ದು ಮೇಷ್ಟ್ರು ಬಂದಾಗ ಹಸುವನ್ನು ವಾಪಸ್ಸು ಕಳಿಸಿ ಎಂದು ಎಲ್ಲರೂ ಸೇರಿ ಹೇಳುವುದು ಎಂದು ತೀರ್ಮಾನವಾಯಿತು. ಗಂಗಲಕ್ಷ್ಮಮ್ಮನೂ ಹೂಂಗುಟ್ಟಿದಳು. ಗೋಪಾಲಪ್ಪ ಮಲಗಿದ್ದ.

ನಾನು ಗೋಡೆ ಹಾರಿ ಆಚೆ ಹೋದೆ. ಮುನಿಗಂಗಮ್ಮ ಮೇಡಂನ ಕುತ್ತಿಗೆ ತಬ್ಬಿಕೊಂಡು ನಿಂತಿದ್ದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇದು ಹೋದರೆ ನಾನು ಬದುಕಲ್ಲ ಕಣೇ, ಆ ಕುರ್ಚಿಗೇ ನೇಣು ಹಾಕ್ಕೊಳ್ತೀನಿ ಅಂದಳು. ನನಗೆ ಸಂಕಟವಾಯಿತು, ಉಪಾಯವೂ ಹೊಳೆಯಿತು. ಇದಕ್ಕೆ ಒಂದೇ ಮಾತು ಸಾಕು ಅಕ್ಕ, ಅಂದೆ. ನಾನು ಹುಟ್ಟುಗುರುಡಿಯ ಹಾಗೇ ಬೆಳೆದವಳು, ನನಗೆ ಕಣ್ಣೇ ಇಲ್ಲ, ನನ್ನಂಥ ಪಾಪದವಳ ದೃಷ್ಟಿ ಯಾರಿಗೆ ತಾಕೀತು ಎಂದು ಎಲ್ಲರ ಮುಂದೆ ಎರಡು ಹನಿ ಕಣ್ಣೀರು ಹಾಕು, ಜನ ಕರಗುತ್ತಾರೆ, ಮೇಷ್ಟ್ರೂ ಸಾಕ್ಷಿ ಹೇಳುತ್ತಾರೆ. ಅವಳು ಮೇಡಂನ ಕಿವಿ ಸವರಿದಳು. ಹಂಗೇ ಹೇಳ್ತೀನಿ ಬುಡು ಅಂದಳು.

ಮೇಷ್ಟ್ರು ಬಂದ ದಿನ ಗೋಪಾಲಪ್ಪನ ಮನೆಯ ಮುಂದೆ ಇಡೀ ಬೀದಿಯೇ ಸೇರಿತ್ತು. ಈ ಸಲ ಜೀಪು ನೋಡಿ ಯಾರೂ ಓಡಲಿಲ್ಲ. ಮೇಷ್ಟ್ರು ಮೇಡಂನನ್ನು ಮುಂದೆ ಹಿಂದೆ ನೋಡಿ ಸಂತೋಷಪಟ್ಟು, ಅಕ್ಕಪಕ್ಕದವರದ್ದು ಏನಾದರೂ ತಕರಾರಿದೆಯೇ ಎಂದು ಕೇಳಿದರು. ನಮ್ಮ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದು, ಇವಳ ದೃಷ್ಟಿ ತಾಕಿ ನಮ್ಮ ಹಸು ಕೆಟ್ಟಿತು, ಈ ಹಸುವನ್ನೂ ಇವಳನ್ನೂ ಕರೆದುಕೊಂಡು ಹೋಗಿ ಎಂದರು. ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೃಷ್ಟಿ ಇಲ್ಲದ್ದಕ್ಕೇ ಅಲ್ಲವೇನಮ್ಮ ಈಕೆ ನಮ್ಮ ಶಾಲೆಗೆ ಬಂದದ್ದು ಎಂದು ಶುರುಮಾಡಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಸರಿಯಾಗಿಯೇ ನಾಟಿತ್ತು. ಇನ್ನು ಅವಳು ಬಾಯಿ ಬಿಟ್ಟು ‘ಪಾಪದವಳು’ ಅನ್ನುವುದೊಂದೇ ಬಾಕಿ. ನಾನು ಹಿಂದಿನಿಂದ ಮೆಲ್ಲಗೆ ತಿವಿದೆ.

ಮುನಿಗಂಗಮ್ಮ ಜಗಲಿಯಿಂದ ಎದ್ದಳು. ಕೋಲಿನಿಂದ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿದಳು.

“ತಾಕ್ತು,” ಅಂದಳು. “ನನ್ನ ಕಣ್ಣೇ ತಾಕಿದ್ದು. ದೊಡ್ಡಮ್ಮನ ಹಸ ನೋಡಿ ನಂಗೆ ಹೊಟ್ಟೆ ಉರೀತು, ತಾಕ್ತು. ಇನ್ನು ನನ್ನ ಮೇಡಂನ ಹೊಡ್ಕೊಂಡೋಗಿ ಅನ್ನೋರು ಯಾರು? ಒಬ್ಬೊಬ್ರೇ ಮುಂದಕ್ಕೆ ಬನ್ನಿ, ನೋಡ್ತೀನಿ.”

ಹೇಳಿ, ಆ ಮುಖವನ್ನು ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ತಿರುಗಿಸಿದಳು. ಅದು ಯಾರ ಕಡೆಗೆ ಬಂತೋ ಅವರು ಮಕ್ಕಳನ್ನು ಬೆನ್ನ ಹಿಂದೆ ಎಳೆದುಕೊಂಡರು. ಹೆಂಗಸರು ತಾಳಿಯನ್ನು ಸೆರಗಿನೊಳಗೆ ಮುಚ್ಚಿದರು. ನಮ್ಮ ಯಜಮಾನರು ನನ್ನ ಹಿಂದೆ ಅಡಗಿದರು. ಮೂವತ್ತು ವರ್ಷ ಅವಳನ್ನು ವಾಡೆಯ ಹಿಂದೆ ಅಡಗಿಸಿದ ಊರು ಅಡಗಲು ಜಾಗ ಹುಡುಕಿತು. ನನಗೆ ಎಷ್ಟು ಆನಂದವಾಯಿತೆಂದು ಈಗಲೂ ಹೇಳಲಾರೆ.

ಮೊದಲು ಬಾಯಿ ಬಿಟ್ಟವಳು ಗಂಗಲಕ್ಷ್ಮಮ್ಮ. ನಮ್ಮದೇನೂ ತಕರಾರಿಲ್ಲ ಸ್ವಾಮಿ, ಹಸ ಇರಲಿ, ನಮ್ಮ ನಾದಿನೀನೂ ಇರಲಿ, ನಮ್ಮ ಮನೆ ದೀಪ ಅವಳು ಎಂದುಬಿಟ್ಟಳು. ಆಮೇಲೆ ಎಲ್ಲರೂ ನಮ್ಮದೂ ಇಲ್ಲ, ನಮ್ಮದೂ ಇಲ್ಲ ಎಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೆಚ್ಚಲು ಬಾವು ಹೇಗೆ ಬರುತ್ತದೆ, ಕ್ರಿಮಿ ಅಂದರೇನು ಎಂದು ವಿವರಿಸಲು ಹೊರಟರು. ಅವಳ ಕೋಲು ಅವರ ಪಾದದ ಮೇಲೆ ಭಾರವಾಗಿ ಕೂತಿತು. ಮೇಷ್ಟ್ರು ಬುದ್ಧಿವಂತರು, ಹಸು ಮುನಿಗಂಗಮ್ಮನದು ಎಂದಷ್ಟೇ ಹೇಳಿ ಜೀಪು ಹತ್ತಿದರು.

ಜನ ಚದುರಿದ ಮೇಲೂ ನಮ್ಮ ಅತ್ತೆ ಹೋಗಲಿಲ್ಲ. ದೃಷ್ಟಿ ಇಳಿಯಬೇಕಾದರೆ ದೃಷ್ಟಿ ಹಾಕಿದವರ ಕಾಲಧೂಳನ್ನು ಅವರಿಗೆ ಗೊತ್ತಾಗದ ಹಾಗೆ ತಂದು, ಉಪ್ಪು ಮೆಣಸಿನಕಾಯಿಯ ಜೊತೆ ನಿವಾಳಿಸಿ ಒಲೆಗೆ ಹಾಕಬೇಕು. ಅತ್ತೆ ಸದ್ದಿಲ್ಲದೆ ಬಂದು, ಬಗ್ಗಿ, ಅವಳ ಪಾದದ ಹತ್ತಿರ ಕೈ ಚಾಚಿದರು. ಬಳೆ ಸದ್ದು ಮಾಡಿತು.

“ಎರಡೂ ಕಾಲಿಂದ ತಗೊಳ್ಳಿ ದೊಡ್ಡಮ್ಮ,” ಎಂದು ಮುನಿಗಂಗಮ್ಮ ಪಾದ ಎತ್ತಿ ಕೊಟ್ಟಳು. “ನಂದು ಜೋರು ದೃಷ್ಟಿ, ಒಂದ್ರಾಗೆ ಇಳಿಯಕ್ಕಿಲ್ಲ. ನಿವಾಳಿಸಾದ್ಮೇಲೆ ಬಿಸ್ನೀರು ಇಡಿ, ಬರ್ತೀನಿ. ತ್ಯಾಮಗೊಂಡ್ಲಿಂದ ದನದ ಡಾಕ್ಟ್ರಿಗೂ ಹೇಳ್ಕಳಿಸಿ.”

ಡಾಕ್ಟರು ಸೂಜಿ ಚುಚ್ಚಿದರು. ಅವಳು ದಿನಾ ಬಂದು ಶಾಖ ಕೊಟ್ಟು ಕೆಚ್ಚಲು ಖಾಲಿ ಮಾಡಿದಳು. ಹಸು ಗುಣವಾಯಿತು, ಒಂದು ಮೊಲೆ ಮಾತ್ರ ಬತ್ತಿಯೇ ಹೋಯಿತು. ಗುಣವಾದದ್ದು ಕಾಲಧೂಳಿನಿಂದ ಎಂದು ನಮ್ಮ ಅತ್ತೆ ಸಾಯುವ ತನಕ ನಂಬಿದ್ದರು. ಬತ್ತಿದ ಆ ಒಂದು ಮೊಲೆ ಮುನಿಗಂಗಮ್ಮನ ಕೀರ್ತಿಯನ್ನು ಕಾಯ್ದುಕೊಂಡಿತು.

ಅವಳು ಅದನ್ನು ಚೆನ್ನಾಗಿ ಬಳಸಿಕೊಂಡಳು, ಸುಳ್ಳೇಕೆ ಹೇಳಲಿ. ಸೋಗೆ ಚಪ್ಪರದ ಪಕ್ಕದಲ್ಲಿ ತನ್ನದೇ ಒಲೆ ಹೂಡಿದಳು. ಮೇಡಂ ಕರು ಹಾಕಿತು, ಕರುವೂ ಹಸುವಾಯಿತು. ದಾರಿಯಲ್ಲಿ ಅವಳು ಕೋಲು ಕುಟ್ಟುತ್ತಾ ಬಂದರೆ ಮುಖ ತಿರುಗಿಸಿ ಹೋಗುತ್ತಿದ್ದವರು ಈಗ ನಿಂತು, ಊಟ ಆಯ್ತೇನವ್ವ ಎಂದು ತಾವೇ ಮೊದಲು ಮಾತಾಡಿಸುತ್ತಿದ್ದರು. ಕರೆದರೆ ಮುಂಬಾಗಿಲಿನಿಂದಲೇ ಕರೆಯಬೇಕು, ಇಲ್ಲದಿದ್ದರೆ ಬರುವುದಿಲ್ಲ ಎಂದು ಹಟ ಹಿಡಿದಳು. ಊರು ಒಪ್ಪಿತು.

ಎರಡು ವರ್ಷ ಬಿಟ್ಟು ನಮ್ಮ ಹಸು ಮತ್ತೆ ಕರು ಹಾಕಿತು. ಒಂದು ಬೆಳಿಗ್ಗೆ ಮುನಿಗಂಗಮ್ಮ ನನ್ನ ಹತ್ತಿರ ಬೆಂಕಿಗೆಂದು ಬಂದವಳು, ಹಿತ್ತಿಲಿಗೆ ಹೋಗುವಾಗ ಕೊಟ್ಟಿಗೆಯ ಬಾಗಿಲಲ್ಲಿ ಏನೋ ಕೈಗೆ ತಾಕಿ ನಿಂತಳು. ಕರಿಕಂಬಳಿ. ಅವಳ ಕೋಲಿನ ಸದ್ದು ಕೇಳುತ್ತಲೇ ನಮ್ಮ ಅತ್ತೆ ತಡಬಡಾಯಿಸಿ ಅದನ್ನು ಬಾಗಿಲಿಗೆ ಎಳೆದು ಕಟ್ಟಿದ್ದರು. ಇದೇನು ದೊಡ್ಡಮ್ಮ ಅಂದಳು. ಏನಿಲ್ಲವ್ವ, ಕರುವಿಗೆ ಗಾಳಿ ಬೀಸ್ತದೆ ಅಂತ, ಅಂದರು ಅತ್ತೆ. ಅವಳು ಕಂಬಳಿಯ ಮೇಲೆ ಅಂಗೈಯಿಟ್ಟು, ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸವರಿಕೊಂಡು ಹೋದಳು. ಮುಂದಿನ ಹಲ್ಲಿಲ್ಲದ ಬಾಯಿ ನಗುತ್ತಿತ್ತು, ಕೆನ್ನೆಯೆಲ್ಲ ಒದ್ದೆಯಾಗಿತ್ತು. ನನಗೂ ಕಣ್ಣು ತುಂಬಿ ಬಂತು.

“ಬಿಗಿಯಾಗಿ ಕಟ್ಟಿ ದೊಡ್ಡಮ್ಮ,” ಅಂದಳು ಕೊನೆಗೆ. “ಆ ಮೂಲೇಲಿ ಸಂದಿ ಐತೆ. ಎಲ್ಲಾ ಕಾಣ್ತದೆ.”

ನಮ್ಮ ಅತ್ತೆ ಓಡಿಹೋಗಿ ಆ ಸಂದಿಯನ್ನು ಮುಚ್ಚಿದರು.